ಅಮ್ಮನ ಜೊತೆ ಲಾಲ್‌ಬಾಗಿನಲ್ಲಿ

ಮದುವೆಯಾಗಿ ಸಿರಾಕ್ಕೆ ಬಂದ ಮೇಲೆ ಅರವತ್ತು ವರ್ಷದಲ್ಲಿ ಅಮ್ಮ ಬೆಂಗಳೂರಿಗೆ ಹೋದದ್ದೆಲ್ಲ ಆಸ್ಪತ್ರೆಗೆ, ಇಲ್ಲವೇ ಯಾರದೋ ಬಾಣಂತನಕ್ಕೆ. "ಸುಮ್ಮನೆ ತಿರುಗೋಕೆ ದುಡ್ಡು ಯಾಕೆ ಹಾಳು ಮಾಡ್ತೀಯೇ?" ಎನ್ನುವವಳು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ತಪ್ಪಿತಲ್ಲ, ಆ ನೆಪವೂ ಹೋಯಿತು. ದಸರಾ ರಜೆಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಹೊರಟೆವು.

ಲಾಲ್‌ಬಾಗಿನ ಬೆಂಚಿನ ಮೇಲೆ ಕೂತದ್ದೇ ನನ್ನ ಪಾಠ ಶುರು. (ಮೂವತ್ತು ವರ್ಷದ ಚಾಳಿ, ಬಿಡುವುದಿಲ್ಲ.) 1687ರಲ್ಲಿ ಮೊಗಲರು ಬಂದ ಮೇಲೆ ನಮ್ಮ ಸಿರಾ ಒಂದು ಸುಬಾದ ರಾಜಧಾನಿ. ಅಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. ಹೈದರಾಲಿಗೆ ಈ ಲಾಲ್‌ಬಾಗಿನ ಯೋಚನೆ ಬಂದದ್ದು ಅದರಿಂದಲೇ ಇರಬಹುದೆಂದು ಹಳೆಯ ಗೆಜೆಟಿಯರಿನ ಮಾತು. ಆಮೇಲೆ ಟಿಪ್ಪು ಸಿರಾದ 12,000 ಸಂಸಾರಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದನಂತೆ.

ಅಮ್ಮ ತೋಟವನ್ನು ಬಿಟ್ಟು ಇದನ್ನೇ ಹಿಡಿದಳು. "ಅಷ್ಟೂ ಮನೆಯ ಹೆಂಗಸರನ್ನ ಯಾರಾದ್ರೂ ಒಂದು ಮಾತು ಕೇಳಿದ್ರೇನೇ?"

ಸಿರಾದ ಮನೆ ಮಾರಿ ಅವಳನ್ನು ಮಧುಗಿರಿಗೆ ಕರೆತರುವುದೆಂದು ನಾನೂ ತಮ್ಮನೂ ಆಗಲೇ ಮಾತಾಡಿಕೊಂಡಿದ್ದೆವು. ಇಲ್ಲಿ, ನೆರಳಲ್ಲಿ, ನಿಧಾನವಾಗಿ ಹೇಳೋಣವೆಂದೇ ಬಂದಿದ್ದೆ.

ಡಬ್ಬಿಯ ಮುಚ್ಚಳ ತೆಗೆದು ಅವಳಿಗೆ ಮೊದಲು ಬಡಿಸಿದೆ.