ಗೊರಗೊರ ಸದ್ದಿನ ಚರಿತ್ರೆ

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ರೇಡಿಯೋ ಕೇಳುವುದು ಒಂದು ಕಾಲಕ್ಕೆ ಅಭ್ಯಾಸದಿಂದ ಬರುತ್ತಿದ್ದ ವಿದ್ಯೆ. ಧಾರವಾಡ ಆಕಾಶವಾಣಿ 1950ರಲ್ಲಿ, ಬೆಂಗಳೂರಿನದು 1955ರಲ್ಲಿ ಶುರುವಾದರೂ ಎರಡೂ ಘಟ್ಟದ ಮೇಲಿನವು. ಸೆಟ್ಟಿಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಹಣ ಕಟ್ಟಿ, ಮಾಡಿನಿಂದ ತೆಂಗಿನ ಮರಕ್ಕೆ ಏರಿಯಲ್ ತಂತಿ ಎಳೆದು, ಸಂಜೆಗೆ ಕಾಯಬೇಕಿತ್ತು. ಹಗಲು ವಾತಾವರಣದ ಮೇಲ್ಪದರ ಹೀರಿಕೊಳ್ಳುವ ಮೀಡಿಯಂ ವೇವ್ ಅಲೆಗಳು ಕತ್ತಲಾದ ಮೇಲೆ ಪ್ರತಿಫಲಿಸಿ ದೂರಕ್ಕೆ ತಲುಪುತ್ತವೆ. ಬೇಡದ ಕೇಂದ್ರಗಳೂ ಹಾಗೆಯೇ ತಲುಪಿ ಒಂದರ ಮೇಲೊಂದು ಬೀಳುತ್ತಿದ್ದವು.

ತುಳುವರ ಬೇಸಿಗೆ ತಿಂಗಳುಗಳಾದ ಪಗ್ಗು, ಬೇಶದ ಗುಡುಗು ಬಂದರಂತೂ ಕೇಳುವುದೇ ಬೇಡ. ಮೀಡಿಯಂ ವೇವ್ ದನಿಯನ್ನು ಒಯ್ಯುವುದು ಅಲೆಯ ಏರಿಳಿತದಲ್ಲಿ. ಮಿಂಚು ಅದೇ ಅಲೆಯನ್ನು ಕಲಕುತ್ತದೆ; ಎರಡನ್ನು ಬೇರ್ಪಡಿಸಲು ಸೆಟ್ಟಿಗೆ ದಾರಿಯಿಲ್ಲ. ದೂರದಲ್ಲಿ ಮಿಂಚಿದ ಕೂಡಲೇ ಏರಿಯಲ್ ಕಳಚಿಡುವುದು ಇಲ್ಲಿನ ಮನೆಗಳ ರೂಢಿಯಾಗಿತ್ತು.

1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಆರಂಭವಾಯಿತು. ತಾಳಮದ್ದಳೆ, ಕೃಷಿ ಮಾತು, ತುಳು ಕಾರ್ಯಕ್ರಮ ಎಲ್ಲವೂ ಸ್ವಂತ ಊರಿನವಾದವು. ಆದರೆ ಪ್ರೇಷಕ ಇದ್ದದ್ದು ಉಡುಪಿಯ ಆಚೆ ಬ್ರಹ್ಮಾವರದಲ್ಲಿ. ಸುಳ್ಯಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು, ನಡುವೆ ಗುಡ್ಡಗಳ ಸಾಲು. ದುರ್ಬಲ ಅಲೆಯನ್ನು ಮುಚ್ಚಿಹಾಕಲು ಸಣ್ಣ ಕಿಡಿಯೂ ಸಾಕು.

ಆ ಕಿಡಿ ಈಗ ಮನೆಯೊಳಗೇ ಹುಟ್ಟತೊಡಗಿತು. ಚಟ್ನಿಗೆ ಮಿಕ್ಸಿ ತಿರುಗಿದರೆ ಅದರ ಮೋಟಾರಿನ ಕಾರ್ಬನ್ ಬ್ರಷ್‌ನ ಕಿಡಿಯಿಂದ ವಾರ್ತೆ ಮುಳುಗುತ್ತಿತ್ತು. ಟ್ಯೂಬ್‌ಲೈಟ್ ಹೊತ್ತುವಾಗ ಒಮ್ಮೆ ಪಟಪಟ, ಆಮೇಲೆ ಸಣ್ಣ ಗುಂಯ್. ಕೇಳುವವರು ಉಪಾಯ ಕಂಡುಕೊಂಡರು: ಟ್ರಾನ್ಸಿಸ್ಟರನ್ನು ಜಗಲಿಗೆ ಒಯ್ದು ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಮಗ್ಗುಲಲ್ಲಿ ಸದ್ದು ಸಣ್ಣಗಾಗುತ್ತದೆ. ಒಳಗಿರುವ ಫೆರೈಟ್ ಸರಳಿನ ತುದಿ ಯಾವ ದಿಕ್ಕಿಗಿದೆಯೋ ಆ ಕಡೆಯ ಅಲೆಯನ್ನು ಅದು ಹಿಡಿಯುವುದು ತೀರಾ ಕಡಿಮೆ. ಈ ವಿವರಣೆಯ ಹಂಗಿಲ್ಲದೆ, ಬರೀ ಕಿವಿಯಿಂದ ಅದನ್ನು ಕಂಡುಕೊಂಡವರ ಜಾಣ್ಮೆಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ಎಫ್‌ಎಂ ಬಂದ ಮೇಲೆ ಗೊರಗೊರ ಬಹಳ ಇಳಿಯಿತು. ಅದರಲ್ಲಿ ದನಿ ಇರುವುದು ಅಲೆಯ ಆವರ್ತನದ ಬದಲಾವಣೆಯಲ್ಲಿ. ಎತ್ತರದ ಏರುಪೇರನ್ನು ಸೆಟ್ಟು ಕತ್ತರಿಸಿಬಿಡುತ್ತದೆ. ಆದರೆ ಎಫ್‌ಎಂ ಅಲೆಗೆ ಗುಡ್ಡವೇ ಅಡ್ಡಿ.

ಇಂದಿನ ದೊಡ್ಡ ಕಿರುಕುಳ ಕಳಪೆ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳದು. ಇವುಗಳೊಳಗಿನ ಸರ್ಕ್ಯೂಟ್ ಕ್ಷಣಕ್ಷಣವೂ ಕರೆಂಟನ್ನು ಕಡಿದು ಜೋಡಿಸುತ್ತಿರುತ್ತದೆ. ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಆ ಸದ್ದು ಮನೆಯ ವೈರಿಂಗ್ ತುಂಬ ಹರಿದು ರೇಡಿಯೋಕ್ಕೂ ಸ್ಪೀಕರಿಗೂ ತಗಲುತ್ತದೆ. ಅಜ್ಜನ ರೇಡಿಯೋ ಕೆಟ್ಟಿತೆಂದು ಗುಜರಿಗೆ ಹಾಕುವ ಮೊದಲು ಮನೆಯ ಬಲ್ಬುಗಳನ್ನು ಒಂದೊಂದಾಗಿ ಆರಿಸಿ, ಸೆಟ್ಟಿಗೆ ಸೆಲ್ಲು ಹಾಕಿ ಕೇಳಿ ನೋಡಿ.