ಮಾಸ್ಕೋದ ಬೇಸಿಗೆ ತರಗತಿ: ಹೊರದೇಶದ ಓದು ಆರೋಪವಾದ ಕಥೆ

ಹೊರದೇಶಕ್ಕೆ ಓದಲು ಹೊರಟವರ ಕಡತವನ್ನು ಒಮ್ಮೆ ಬಿಚ್ಚಿ ನೋಡಿ. ಅಂಕಪಟ್ಟಿ, ಶಿಫಾರಸು ಪತ್ರ, ಬ್ಯಾಂಕಿನ ಲೆಕ್ಕ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ‘ನಾನೇಕೆ ಈ ಕೋರ್ಸು ಓದಬೇಕು’ ಎಂಬ ಎರಡು ಪುಟದ ಬರಹ. 2025ರ ಜೂನ್‌ನಿಂದ ಅಮೆರಿಕದ ವಿದ್ಯಾರ್ಥಿ ವೀಸಾ ಕೇಳುವವರು ಇವುಗಳ ಜೊತೆಗೆ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕಾಗಿದೆ. ಸಂವಹನ, ಪತ್ರಿಕೋದ್ಯಮ ಓದುವವರಿಗೆ ಇದು ಉಳಿದವರಿಗಿಂತ ಹೆಚ್ಚು ತಟ್ಟುತ್ತದೆ. ನಾಲ್ಕು ಜನ ಓದುವಂತೆ ಬರೆಯುವುದು, ಅಭಿಪ್ರಾಯ ಹೇಳುವುದು ಅವರ ಪಾಠದ ಭಾಗವೇ ಆಗಿದೆ. ಪ್ರವೇಶ ಕೊಡುವ ವಿಶ್ವವಿದ್ಯಾಲಯ ‘ನೀವು ಬರೆದದ್ದನ್ನು ತೋರಿಸಿ’ ಎನ್ನುತ್ತದೆ. ಅದೇ ಬರಹವನ್ನು ವೀಸಾ ಕಚೇರಿಯವರು ಹೇಗೆ ಓದಿಕೊಳ್ಳುತ್ತಾರೋ ಎಂಬ ಅಳುಕು ಇನ್ನೊಂದು ಕಡೆ.

ಈ ಅಳುಕು ಹೊಸದೇನಲ್ಲ. ಓದಿನ ಸಲುವಾಗಿ ಹಾಕಿಕೊಂಡ ಒಂದು ಪ್ರವಾಸದ ಯೋಜನೆ ಹದಿನೆಂಟು ವರ್ಷಗಳ ಬಳಿಕ ದೇಶದ್ರೋಹದ ಸಾಕ್ಷಿಯಾಗಿ ಎದುರು ಬಂದು ನಿಂತದ್ದಿದೆ. ಅದನ್ನು ಎದುರಿಸಿದವನು ಸಂವಹನದ ವಿದ್ಯಾರ್ಥಿಗಳೆಲ್ಲ ಹೆಸರು ಕೇಳಿರುವ ಅಮೆರಿಕದ ಪ್ರಸಾರಕ ಎಡ್ವರ್ಡ್ ಆರ್. ಮರೋ.

ಮರೋ ಎಂದರೆ ನಮಗೆ ನೆನಪಾಗುವುದು ಎರಡನೇ ಮಹಾಯುದ್ಧದ ಲಂಡನ್, ಬಾಂಬುಗಳ ನಡುವಿನ ರೇಡಿಯೋ ದನಿ. ಅದಕ್ಕೂ ಮುಂಚಿನ ಐದಾರು ವರ್ಷ ಆತ ಮಾಡುತ್ತಿದ್ದ ಕೆಲಸವೇ ವಿದ್ಯಾರ್ಥಿಗಳ ಹೊರದೇಶದ ಓದನ್ನು ಏರ್ಪಡಿಸುವುದು ಎಂಬುದು ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

1908ರಲ್ಲಿ ನಾರ್ತ್ ಕೆರೊಲಿನಾದ ಒಂದು ಬಡ ರೈತ ಕುಟುಂಬದಲ್ಲಿ ಹುಟ್ಟಿದ ಮರೋ ಬೆಳೆದದ್ದು ದೇಶದ ಇನ್ನೊಂದು ತುದಿಯ ವಾಷಿಂಗ್ಟನ್ ರಾಜ್ಯದಲ್ಲಿ. ಮರ ಕಡಿಯುವವರ ಶಿಬಿರಗಳಲ್ಲಿ ದುಡಿದು ಪುಲ್ಮನ್ ಊರಿನ ವಾಷಿಂಗ್ಟನ್ ಸ್ಟೇಟ್ ಕಾಲೇಜು ಸೇರಿದ. ಅಲ್ಲಿ ಆರಿಸಿಕೊಂಡ ಮುಖ್ಯ ವಿಷಯ ‘ಸ್ಪೀಚ್’, ಅಂದರೆ ವಾಗ್ಮಿತೆ. ಇವತ್ತಿನ ಸಂವಹನ ವಿಭಾಗಗಳ ಒಂದು ಬೇರು ಅದೇ. ಪೋಲಿಯೋದಿಂದ ದೇಹ ಬಾಗಿದ್ದ ಐಡಾ ಲೂ ಆಂಡರ್ಸನ್ ಎಂಬ ಮೇಡಂ ಆತನಿಗೆ ಮಾತನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಒತ್ತಬೇಕು ಎಂದು ಕಲಿಸಿದರು. 1930ರಲ್ಲಿ ಪದವಿ ಕೈಗೆ ಬರುವ ಹೊತ್ತಿಗೆ ಆತ ಅಮೆರಿಕದ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟದ ಅಧ್ಯಕ್ಷನೂ ಆಗಿದ್ದ. ಆ ಹುದ್ದೆಯ ಕಾರಣದಿಂದಲೇ ಮೊದಲ ಬಾರಿ ಯುರೋಪು ನೋಡಿದ್ದು.

1932ರಲ್ಲಿ ನ್ಯೂಯಾರ್ಕಿನ ‘ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಷನ್’ ಆತನನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ದೇಶಗಳ ನಡುವೆ ವಿದ್ಯಾರ್ಥಿಗಳ ಓಡಾಟ ಹೆಚ್ಚಿದರೆ ಯುದ್ಧ ಕಡಿಮೆಯಾದೀತು ಎಂಬ ಆಸೆಯಿಂದ ಹುಟ್ಟಿದ ಸಂಸ್ಥೆ ಅದು. ಅದರ ನಿರ್ದೇಶಕ ಸ್ಟೀಫನ್ ಡಗ್ಗನ್. 1921ರಲ್ಲಿ ಅಮೆರಿಕ ವಲಸಿಗರಿಗೆ ದೇಶವಾರು ಮಿತಿ ಹಾಕಿದಾಗ, ವಿದ್ಯಾರ್ಥಿಗಳನ್ನು ವಲಸಿಗರ ಲೆಕ್ಕಕ್ಕೆ ಸೇರಿಸಬಾರದು ಎಂದು ಸರ್ಕಾರದ ಬೆನ್ನು ಬಿದ್ದು ಅವರಿಗೆ ಬೇರೆಯದೇ ವೀಸಾ ಸಿಗುವಂತೆ ಮಾಡಿದವರು ಅವರು. ಇಂದು ನಮ್ಮ ಮಕ್ಕಳು ಸಾಲಿನಲ್ಲಿ ನಿಂತು ಕೇಳುವ ವಿದ್ಯಾರ್ಥಿ ವೀಸಾದ ಮೂಲ ಆ ಬಡಿದಾಟದಲ್ಲಿದೆ.

ಮರೋ ಸೇರಿದ ಮರುವರ್ಷವೇ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರ ಹಿಡಿದ. ಯಹೂದಿ ಅಧ್ಯಾಪಕರನ್ನೂ ಸರ್ಕಾರಕ್ಕೆ ಒಗ್ಗದವರನ್ನೂ ವಿಶ್ವವಿದ್ಯಾಲಯಗಳಿಂದ ಹೊರಹಾಕಲಾಯಿತು. ಅವರಿಗೆ ನೆಲೆ ಕಾಣಿಸಲು ಡಗ್ಗನ್ ಮತ್ತು ಸಂಗಡಿಗರು ಕಟ್ಟಿದ ತುರ್ತು ಸಮಿತಿಯ ದಿನನಿತ್ಯದ ಕೆಲಸ ಇಪ್ಪತ್ತೈದರ ಮರೋ ಹೆಗಲಿಗೆ ಬಿತ್ತು. ಅದು ಆರ್ಥಿಕ ಕುಸಿತದ ಕಾಲ. ಅಮೆರಿಕದ ಅಧ್ಯಾಪಕರಿಗೇ ಕೆಲಸವಿರಲಿಲ್ಲ. ಹಾಗಾಗಿ ಸಮಿತಿ ವಿಶ್ವವಿದ್ಯಾಲಯಗಳಿಗೆ ಸಂಬಳದ ಒಂದು ಭಾಗವನ್ನು ತಾನೇ ಕೊಟ್ಟು, ಉಳಿದದ್ದನ್ನು ಬೇರೆ ಪ್ರತಿಷ್ಠಾನಗಳಿಂದ ಹೊಂದಿಸಿ, ಒಬ್ಬೊಬ್ಬರಿಗೇ ಜಾಗ ಹುಡುಕಬೇಕಿತ್ತು. ಯುದ್ಧ ಮುಗಿಯುವವರೆಗೆ ಸಹಾಯ ಕೇಳಿದವರು ಆರು ಸಾವಿರದಷ್ಟು ಮಂದಿ. ನೆರವು ಸಿಕ್ಕಿದ್ದು 335 ಜನರಿಗೆ.

ಆ ನೆರವು ಪಡೆದವರಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಒಬ್ಬರು. ಯಾವ ಆಹಾರ ಮನೆಯೊಳಗೆ ಬರಬೇಕು, ಯಾವುದು ಬರಬಾರದು ಎಂದು ತೀರ್ಮಾನಿಸುವವರು ಯಾರು ಎಂದು ಅಧ್ಯಯನ ಮಾಡುತ್ತ ಅವರು ಬಳಸಿದ ‘ಗೇಟ್‌ಕೀಪರ್’ ಎಂಬ ಮಾತು, 1950ರ ವೇಳೆಗೆ ಸುದ್ದಿಮನೆಯ ಸಂಪಾದಕರ ಅಧ್ಯಯನಕ್ಕೆ ದಾಟಿತು. ಇವತ್ತು ಪತ್ರಿಕೋದ್ಯಮದ ಯಾವ ತರಗತಿಯೂ ಆ ಪದವಿಲ್ಲದೆ ಮುಗಿಯುವುದಿಲ್ಲ. ವಿಯೆನ್ನಾದ ಪಾಲ್ ಲಾಜರ್ಸ್‌ಫೆಲ್ಡ್ 1933ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಹಿಡಿದು ಅಮೆರಿಕಕ್ಕೆ ಹೋದವರು ಮರಳಿ ನೆಲೆಸಲಾಗದೆ ಅಲ್ಲೇ ಉಳಿದು ರೇಡಿಯೋ ಕೇಳುಗರ ಅಧ್ಯಯನವನ್ನು ಕಟ್ಟಿದರು. ನಾವು ಸಂವಹನ ಶಾಸ್ತ್ರ ಎಂದು ಕರೆಯುವುದನ್ನು ಬಹುಮಟ್ಟಿಗೆ ರೂಪಿಸಿದ್ದೇ ಹೀಗೆ ಗಡಿ ದಾಟಿದವರು.

ಮರೋ ಕೈಯಲ್ಲಿದ್ದ ಇನ್ನೊಂದು ಕೆಲಸ, ಅಮೆರಿಕದ ವಿದ್ಯಾರ್ಥಿಗಳು ಮತ್ತು ಮೇಷ್ಟ್ರುಗಳಿಗಾಗಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದ್ದ ಬೇಸಿಗೆ ತರಗತಿ. ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟದ್ದು 1933ರಲ್ಲಿ. ಹೊಸ ಸಮಾಜವನ್ನು ಕಣ್ಣಾರೆ ನೋಡುವ ಕುತೂಹಲ ಎಲ್ಲರಿಗೂ ಇತ್ತು. ತರಗತಿಯ ಸಲಹಾ ಸಮಿತಿಯಲ್ಲಿ ಹೆಸರಾಂತ ಶಿಕ್ಷಣತಜ್ಞರ ಜೊತೆ ಮರೋ ಹೆಸರೂ ಇತ್ತು. 1934ರ ಬೇಸಿಗೆಯಲ್ಲಿ ಅದು ನಡೆಯಿತು. 1935ರಲ್ಲಿ ಸೋವಿಯತ್ತಿನವರೇ ಅದನ್ನು ರದ್ದು ಮಾಡಿದರು. ಆ ವರ್ಷವೇ ಮರೋ ಸಿಬಿಎಸ್ ರೇಡಿಯೋ ಸೇರಿದ. ಯೋಜನೆ ಅಲ್ಲಿಗೆ ಮುಗಿಯಿತು.

ರೇಡಿಯೋದಲ್ಲಿ ಆತನ ಮೊದಲ ಕೆಲಸ ಮಾತನಾಡುವುದಾಗಿರಲಿಲ್ಲ, ಮಾತನಾಡುವವರನ್ನು ಹುಡುಕಿ ತರುವುದಾಗಿತ್ತು. ವಿದ್ಯಾರ್ಥಿಗಳಿಗಾಗಿ ಪತ್ರ ಬರೆಯುತ್ತ, ವಿದ್ವಾಂಸರಿಗಾಗಿ ಬಾಗಿಲು ತಟ್ಟುತ್ತ ಬೆಳೆದಿದ್ದ ಪರಿಚಯಗಳು ಅಲ್ಲಿ ಕೈಹಿಡಿದವು. 1937ರಲ್ಲಿ ಲಂಡನ್ನಿಗೆ ಹೋದ. 1938ರ ಮಾರ್ಚಿನಲ್ಲಿ ಜರ್ಮನ್ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿದಾಗ ಒಂದು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು ವಿಯೆನ್ನಾ ಮುಟ್ಟಿ, ಬೇರೆ ಬೇರೆ ರಾಜಧಾನಿಗಳ ವರದಿಗಾರರ ಜೊತೆ ಒಂದೇ ಕಾರ್ಯಕ್ರಮದಲ್ಲಿ ಮಾತನಾಡಿದ. ರೇಡಿಯೋ ಸುದ್ದಿಯ ರೂಪವನ್ನೇ ಬದಲಿಸಿದ ಪ್ರಸಾರ ಅದು.

ಮಾಸ್ಕೋದ ಕಾಗದ ಮಾತ್ರ ಎಲ್ಲೋ ಉಳಿದಿತ್ತು. 1953ರ ನವೆಂಬರಿನಲ್ಲಿ, ಮರೋ ತಂಡ ಸೆನೆಟರ್ ಜೋಸೆಫ್ ಮೆಕಾರ್ಥಿಯ ಬಗ್ಗೆ ಸಾಮಗ್ರಿ ಕೂಡಿಸುತ್ತಿದ್ದಾಗ, ಮೆಕಾರ್ಥಿಯ ತನಿಖಾಧಿಕಾರಿಯೊಬ್ಬ ತಂಡದ ವರದಿಗಾರನ ಕೈಗೆ ಒಂದು ಪ್ರತಿ ಇಟ್ಟ. 1935ರ ಪಿಟ್ಸ್‌ಬರ್ಗ್ ಪತ್ರಿಕೆಯೊಂದರ ಸುದ್ದಿ. ಸೋವಿಯತ್ತಿನಲ್ಲಿ ತರಬೇತಾದವರು ಅಮೆರಿಕದಲ್ಲಿ ಪಾಠ ಹೇಳುತ್ತಿದ್ದಾರೆ ಎಂಬ ತಲೆಬರಹ. ಒಳಗೆ ಮರೋ ಹೆಸರು. ಎಚ್ಚರಿಕೆ ಏನೆಂದು ಬಿಡಿಸಿ ಹೇಳಬೇಕಿರಲಿಲ್ಲ. 1954ರ ಮಾರ್ಚ್ 9ರಂದು ಮರೋ ಮೆಕಾರ್ಥಿಯ ಕುರಿತ ಕಾರ್ಯಕ್ರಮವನ್ನು ಪ್ರಸಾರ ಮಾಡಿಯೇಬಿಟ್ಟ. ಏಪ್ರಿಲ್ 6ರಂದು ಉತ್ತರ ಕೊಡಲು ಅದೇ ವೇದಿಕೆಗೆ ಬಂದ ಮೆಕಾರ್ಥಿ, ಮಾಸ್ಕೋ ತರಗತಿಯನ್ನೇ ಮುಂದಿಟ್ಟು ಮರೋ ಕಮ್ಯುನಿಸ್ಟರ ಪ್ರಚಾರಕ್ಕೆ ನೆರವಾದವನು ಎಂದ. ಗುಟ್ಟೆನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಪತ್ರಿಕೆಯಲ್ಲೇ ಬಂದಿದ್ದ ಸಂಗತಿ. 1934ರಲ್ಲಿ ಶಿಕ್ಷಣ ಎನಿಸಿಕೊಂಡದ್ದು 1954ರಲ್ಲಿ ಸಂಚು ಎನಿಸಿಕೊಂಡಿತು, ಅಷ್ಟೆ. ಆ ಡಿಸೆಂಬರಿನಲ್ಲಿ ಸೆನೆಟ್ 67–22 ಮತಗಳಿಂದ ಮೆಕಾರ್ಥಿಯನ್ನು ಖಂಡಿಸಿತು.

ಮರೋಗೆ ದೇಶದ ತುಂಬ ಕೇಳುಗರಿದ್ದರು, ಉತ್ತರ ಹೇಳಲು ಸ್ವಂತ ಕಾರ್ಯಕ್ರಮವಿತ್ತು. ಮಾಸ್ಕೋಗೆ ಹೋಗಿ ಬಂದ ಸಾಧಾರಣ ಶಾಲಾ ಮೇಷ್ಟ್ರಿಗೆ ಅದಿರಲಿಲ್ಲ. ಬಳ್ಳಾರಿಯಿಂದಲೋ ಹಾಸನದಿಂದಲೋ ವೀಸಾ ಸಂದರ್ಶನಕ್ಕೆ ಹೊರಟ ಇಂದಿನ ವಿದ್ಯಾರ್ಥಿಗೂ ಅದಿಲ್ಲ. ಸಂದರ್ಶನ ಮುಗಿಯುವುದು ಕೆಲವೇ ನಿಮಿಷಗಳಲ್ಲಿ. ತನ್ನ ಯಾವ ಸಾಲು ಹೇಗೆ ಓದಲ್ಪಟ್ಟಿತು ಎಂಬುದು ಆಕೆಗೆ ತಿಳಿಯುವುದೂ ಇಲ್ಲ.

ಇದರಿಂದ ನಷ್ಟವಾಗುವುದು ಅವಳೊಬ್ಬಳಿಗೇ ಅಲ್ಲ. ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ ಬಂದ ನಾಡಿಗ ಕೃಷ್ಣಮೂರ್ತಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಶುರುಮಾಡಿದರು. ಕರ್ನಾಟಕದಲ್ಲಿ ಈ ವಿಷಯ ಓದಿದ ನಾವೆಲ್ಲ ಒಂದಲ್ಲ ಒಂದು ರೀತಿ ಆ ಪ್ರಯಾಣದ ಋಣದಲ್ಲಿದ್ದೇವೆ. ಇಂದು ಅದೇ ದಾರಿ ಹಿಡಿಯಬೇಕಾದವಳು ಅರ್ಜಿ ಹಾಕುವ ಮುನ್ನ ಕೂತು, ತಾನು ಬರೆದದ್ದರಲ್ಲಿ ಯಾವುದನ್ನು ಅಳಿಸಬೇಕು ಎಂದು ಎಣಿಸುತ್ತಿದ್ದಾಳೆ. ಹೊರದೇಶದ ಓದಿನ ಬಗ್ಗೆ ಸಲಹೆ ಕೊಡುವ ನಮ್ಮ ವಿಭಾಗಗಳು, ಮಾಹಿತಿ ಕೇಂದ್ರಗಳು ಶುಲ್ಕ, ಅಂಕ, ವಿದ್ಯಾರ್ಥಿವೇತನಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತವೆ. ಅಳಿಸುವ ಆ ಪಟ್ಟಿಯನ್ನು ಆಕೆ ಒಬ್ಬಳೇ ಮಾಡಿಕೊಳ್ಳುತ್ತಿದ್ದಾಳೆ.