ಹಂಪಿಯಲ್ಲಿ ಮುಗಿದ ಗದುಗಿನ ಭಾರತ

ಇಬ್ಬರು ಸೇರಿ ಒಂದು ಕಥೆ ಬರೆಯಲು ಅವರು ಒಂದೇ ಕಾಲದಲ್ಲಿ ಬದುಕಿರಲೇಬೇಕೆಂದೇನೂ ಇಲ್ಲ. ವಿಜಯನಗರದ ಕಾಲದ ಕನ್ನಡ ಭಾರತವೇ ಇದಕ್ಕೆ ಸಾಕ್ಷಿ. ಗದುಗಿನ ಕುಮಾರವ್ಯಾಸ ಸುಮಾರು 1430ರಲ್ಲಿ ಹತ್ತು ಪರ್ವಗಳನ್ನು ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ಶಾಂತಿಪರ್ವದಿಂದ ಮುಂದಿನದನ್ನು ಪೂರೈಸಿದವನು ಕೃಷ್ಣದೇವರಾಯನ (1509–1529) ಆಶ್ರಯದಲ್ಲಿದ್ದ ತಿಮ್ಮಣ್ಣಕವಿ. ಹೊಸ ಛಂದಸ್ಸು ಹಿಡಿದು ತನ್ನತನ ಮೆರೆಯಬಹುದಿತ್ತು; ಆದರೆ ಮೂರು-ನಾಲ್ಕು ಮಾತ್ರೆಗಳ ಅದೇ ಭಾಮಿನಿ ಷಟ್ಪದಿಗೆ ಆತ ಕಟ್ಟುಬಿದ್ದ. ಜೊತೆಗಾರಿಕೆ ಎಂದು ನಾನು ಕರೆಯುವುದು ಈ ಕಟ್ಟುಪಾಡನ್ನೇ.

ತೀರಿಹೋದವನ ಒಪ್ಪಿಗೆಯಿಲ್ಲದೆ ಎಂಥ ಪಾಲುದಾರಿಕೆ ಎಂದು ಯಾರಾದರೂ ಕೇಳಬಹುದು. ತೆಲುಗು ಭಾರತವನ್ನು ನೋಡಿ: 11ನೇ ಶತಮಾನದ ನನ್ನಯ ಬಿಟ್ಟದ್ದನ್ನು ತಿಕ್ಕನ, ಎರ್ರನ ಪೂರೈಸಿದರು, ಮೂವರನ್ನೂ ಕವಿತ್ರಯವೆಂದೇ ಗೌರವಿಸುತ್ತಾರೆ. ತೆಲುಗಿನಲ್ಲಿ ತಾನೇ ಕಾವ್ಯ ಬರೆದ ರಾಯನಿಗೆ ಈ ಮಾದರಿ ತಿಳಿಯದ್ದೇನಲ್ಲ. ತಿಮ್ಮಣ್ಣನ ಕೃತಿಗಿರುವ ‘ಕೃಷ್ಣರಾಯ ಭಾರತ’ ಎಂಬ ಹೆಸರೇ ಅದು ಬರೀ ರಾಜಸ್ತುತಿ ಎಂದು ಸಾರುತ್ತದೆ ಎನ್ನುವವರೂ ಉಂಟು. ಸ್ತುತಿಯಷ್ಟೇ ಬೇಕಿದ್ದರೆ ಇನ್ನೊಬ್ಬನ ಕಾವ್ಯದ ಬಾಲ ಹಿಡಿಯುವ ಅಗತ್ಯವೇನಿತ್ತು? ನಿಜ, ತಿಮ್ಮಣ್ಣ ಕುಮಾರವ್ಯಾಸನಿಗೆ ಸಾಟಿಯಲ್ಲ. ಶಾಂತಿಪರ್ವದ ಭೀಷ್ಮನ ಉಪದೇಶದಲ್ಲಿ ಕುರುಕ್ಷೇತ್ರದ ಕಾವು ಎಲ್ಲಿಂದ ಬರಬೇಕು? ಗಮಕಿಗಳು ಇಂದಿಗೂ ವಾಚಿಸುವುದು ಹೆಚ್ಚಾಗಿ ಮೊದಲ ಹತ್ತನ್ನೇ. ಆದರೂ ಷಟ್ಪದಿಯ ಆ ಭಾರತ ಅರ್ಧಕ್ಕೆ ಉಳಿಯದಿದ್ದುದು ತಿಮ್ಮಣ್ಣನಿಂದ.